ಉದ್ಯೋಗಾನ್ವೇಷಣೆಯೂ ಲೇಖನೀವಿನೋದವೂ

ಉದ್ಯೋಗವಿಲ್ಲದವರಿಗೆ ವಿನೋದದ ಹಕ್ಕುಂಟೆ? ಈ ಪ್ರಶ್ನೆಯನ್ನು ಯಾರೂ ಇಷ್ಟು ಬಿಚ್ಚುಮಾತಿನಲ್ಲಿ ಕೇಳುವುದಿಲ್ಲ. ಆದರೂ ವಿದ್ಯಾವಂತರ ಎಷ್ಟೋ ಮನೆಗಳಲ್ಲಿ ಅದು ಮೌನವಾಗಿ ದಿನವೂ ಕೇಳಲ್ಪಡುತ್ತಿರುವುದು. ಚಿತ್ರಕಲೆಯನ್ನೋ ಪುಸ್ತಕಗಳ ಅಲಂಕರಣವನ್ನೋ ಸಾಹಿತ್ಯವನ್ನೋ ಅಭ್ಯಾಸಮಾಡಿದ ಮಗಳು ತನ್ನ ವಿದ್ಯೆಗೆ ತಕ್ಕ ಕೆಲಸವನ್ನು ಹುಡುಕುತ್ತಿರುವಳು. ಅರ್ಜಿಗಳು ಹೋಗಿವೆ; ಉತ್ತರಗಳು ಬಂದಿಲ್ಲ. ಈ ನಡುವೆ ಅವಳು ಒಂದು ಫೌಂಟನ್ ಪೆನ್ನನ್ನು ತಂದಳು. ಬಳಿಕ ಒಂದು ಸೀಸೆ ನೀಲಿ ಮಸಿ. ಆಮೇಲೆ ಮಸಿ ಹರಡದಂಥ ಒಳ್ಳೆಯ ಕಾಗದ. ಮಧ್ಯಾಹ್ನಗಳಲ್ಲಿ ಕುಳಿತು ಅಕ್ಷರಗಳನ್ನು ತಿದ್ದುತ್ತಾಳೆ. ‘ಇದರಿಂದ ಹೊಟ್ಟೆ ತುಂಬೀತೆ?’ ಎಂದು ತಂದೆ ಬಾಯಿಬಿಟ್ಟು ಹೇಳದಿರಬಹುದು. ಅವರ ಮುಖವೇ ಹೇಳುವುದು.

ಈ ಆಕ್ಷೇಪಣೆಯನ್ನು ಹಗುರಮಾಡಿ ತಳ್ಳಿಹಾಕುವುದು ನ್ಯಾಯವಲ್ಲ. ಅದರಲ್ಲಿ ಮೂರು ಅಂಶಗಳಿವೆ. ಮೊದಲನೆಯದು ಹಣ. ಸಂಪಾದನೆಯಿಲ್ಲದವರ ವೆಚ್ಚವು ಇನ್ನೊಬ್ಬರ ಬೆವರಿನಿಂದ ಬಂದದ್ದು. ಎರಡನೆಯದು ಕಾಲ. ಹುಡುಕಾಟವೂ ಒಂದು ಕೆಲಸವೇ. ಅದಕ್ಕೆ ಸಲ್ಲಬೇಕಾದ ಹೊತ್ತನ್ನು ವಿನೋದಕ್ಕೆ ಕೊಡುವುದು ತಪ್ಪು. ಮೂರನೆಯದು ಇವೆರಡಕ್ಕಿಂತಲೂ ಸೂಕ್ಷ್ಮವಾದ ಆತ್ಮವಂಚನೆ. ಬರೆಯಬೇಕೆಂದಿರುವವನಿಗೆ ಪೆನ್ನನ್ನು ಕೊಂಡಾಗಲೇ ಅರ್ಧ ಬರೆದಷ್ಟು ತೃಪ್ತಿ ದೊರೆಯುವುದು. ಎರಡನೆಯ ಪೆನ್ನು ಮತ್ತಷ್ಟು ತೃಪ್ತಿಯನ್ನು ಕೊಡುವುದು. ಹೀಗೆ ಉಪಕರಣಗಳ ಸಂಗ್ರಹವು ಮೆಲ್ಲನೆ ಕೃತಿಯ ಸ್ಥಾನವನ್ನು ಆಕ್ರಮಿಸುವುದು; ಹಾಳೆ ಮಾತ್ರ ಬಿಳಿದಾಗಿಯೇ ಉಳಿಯುವುದು.

ಇಲ್ಲಿ ಒಂದು ಶಬ್ದದ ವಿಚಾರ ಪ್ರಯೋಜನಕರವಾಗಬಹುದು. ನಾವು ಬಿಡುವಿನ ಕೆಲಸವನ್ನು ‘ಹವ್ಯಾಸ’ವೆಂದು ಕರೆಯುತ್ತೇವೆ, ಅದರಲ್ಲಿ ನಿಂದೆಯಿಲ್ಲ. ನೆರೆಯ ಮರಾಠಿಯಲ್ಲಿ ಇದೇ ಶಬ್ದಕ್ಕೆ ಅತಿಯಾದ ಆಸೆ, ಹಪಹಪಿ ಎಂದು ಅರ್ಥ. ಒಂದೇ ಶಬ್ದವು ಗಡಿಯ ಈಚೆಗೆ ಅಭ್ಯಾಸವಾಗಿಯೂ ಆಚೆಗೆ ಲೋಭವಾಗಿಯೂ ನಿಂತಿರುವುದು. ಗಡಿಯೆಂಬುದು ನಾಡುಗಳ ನಡುವೆ ಮಾತ್ರವಿಲ್ಲ. ಪೆನ್ನನ್ನು ಹಿಡಿದವನ ಮನಸ್ಸಿನಲ್ಲಿಯೂ ಇದೆ. ಕೈ ಕಲಿಯುತ್ತಿದ್ದರೆ ಅದು ಅಭ್ಯಾಸ. ಕೈ ಸುಮ್ಮನಿದ್ದು ಪೆಟ್ಟಿಗೆ ಮಾತ್ರ ತುಂಬುತ್ತಿದ್ದರೆ ಅದು ಲೋಭ. ಆಕ್ಷೇಪಣೆಯ ಮೂರನೆಯ ಅಂಶವು ಲೋಭವನ್ನು ಖಂಡಿಸುವುದೇ ಹೊರತು ಅಭ್ಯಾಸವನ್ನಲ್ಲ.

ಈ ಭೇದವನ್ನು ಒಂದು ನಿದರ್ಶನದಿಂದ ಸ್ಪಷ್ಟಪಡಿಸಬಹುದು. ಎಡ್ವರ್ಡ್ ಜಾನ್‌ಸ್ಟನ್ ಎಂಬಾತನು 1872ರಲ್ಲಿ ಹುಟ್ಟಿದವನು. ಎಡಿನ್‌ಬರೋ ನಗರದಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿದ್ದು, ದೇಹಸ್ಥಿತಿ ಸರಿಯಿಲ್ಲದುದರಿಂದ 1898ರಲ್ಲಿ ಅದನ್ನು ಬಿಟ್ಟನು. ಇಪ್ಪತ್ತಾರು ವರ್ಷದವನ ಕೈಯಲ್ಲಿ ವೃತ್ತಿಯಿರಲಿಲ್ಲ. ಹಳೆಯ ಹಸ್ತಪ್ರತಿಗಳ ರೀತಿಯಲ್ಲಿ ಅಕ್ಷರಗಳನ್ನು ಬರೆದು ಬಣ್ಣಗೊಳಿಸುವ ವಿನೋದವೊಂದಿತ್ತು. ಲಂಡನ್ನಿನಲ್ಲಿ ಅವನಿಗೆ ಕಲಾಶಾಲೆಯೊಂದರ ಮುಖ್ಯಸ್ಥನಾದ ಲೆಥಬಿಯ ಪರಿಚಯವಾಯಿತು. ಅವನ ಸಲಹೆಯಂತೆ ಜಾನ್‌ಸ್ಟನ್ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪ್ರಾಚೀನ ಹಸ್ತಪ್ರತಿಗಳನ್ನು ಪರೀಕ್ಷಿಸಿದನು. ಗರಿಗಳನ್ನೂ ಜೊಂಡಿನ ಕಡ್ಡಿಗಳನ್ನೂ ತಾನೇ ಕತ್ತರಿಸಿ ಅಗಲಮೊನೆಯ ಲೇಖನಿಗಳನ್ನು ಮಾಡಿಕೊಂಡನು. ಗೆರೆಯ ದಪ್ಪ ತೆಳುವುಗಳು ಕೈಯ ಒತ್ತಡದಿಂದ ಬರತಕ್ಕವಲ್ಲ. ಅಗಲಮೊನೆಯನ್ನು ಒಂದು ಕೋನದಲ್ಲಿ ಹಿಡಿದು ನಡೆಸಿದರೆ ತಾವೇ ಬರುವುವು ಎಂಬ ಮರೆತುಹೋಗಿದ್ದ ಮರ್ಮವು ಅವನಿಗೆ ತಿಳಿಯಿತು. 1899ರಲ್ಲಿ ಅದೇ ಶಾಲೆಯಲ್ಲಿ ಅವನು ಪಾಠ ಹೇಳತೊಡಗಿದನು. 1906ರಲ್ಲಿ ಅವನು ಅಚ್ಚುಹಾಕಿಸಿದ ಅಕ್ಷರಕಲೆಯ ಗ್ರಂಥವು ಇಂದಿಗೂ ಆ ವಿದ್ಯೆಯ ಮೂಲಪುಸ್ತಕಗಳಲ್ಲೊಂದು. ಲಂಡನ್ನಿನ ನೆಲದೊಳಗಿನ ರೈಲಿಗಾಗಿ ಅವನು ರಚಿಸಿದ ಅಕ್ಷರಗಳು 1916ರಲ್ಲಿ ಬಳಕೆಗೆ ಬಂದು, ಕೆಲವು ಮಾರ್ಪಾಡುಗಳೊಡನೆ ಇಂದಿಗೂ ಅಲ್ಲಿಯ ಪ್ರಯಾಣಿಕರಿಗೆ ದಾರಿ ತೋರಿಸುತ್ತಿವೆ.

ಈ ಚರಿತ್ರೆಯಿಂದ ‘ಹವ್ಯಾಸವೇ ಒಂದು ದಿನ ಅನ್ನವಾಗುವುದು’ ಎಂಬ ನೀತಿಯನ್ನು ತೆಗೆಯುವವರುಂಟು. ನಾವು ಅದನ್ನು ಒಪ್ಪಲಾರೆವು. ಜಾನ್‌ಸ್ಟನ್ನನಿಗೆ ಒಬ್ಬ ಲೆಥಬಿ ದೊರೆತನು; ದೊರೆಯದೆ ಹೋದವರ ಹೆಸರುಗಳು ಚರಿತ್ರೆಗೆ ತಿಳಿಯವು. ಅದೂ ಅಲ್ಲದೆ, ಹವ್ಯಾಸವನ್ನು ಅದರ ಫಲದಿಂದ ಸಮರ್ಥಿಸಹೊರಟರೆ, ಫಲ ಬಾರದ ಕಡೆಯಲ್ಲಿ ಅದು ಅಪರಾಧವೇ ಎಂದು ನಾವೇ ಒಪ್ಪಿದಂತಾಗುವುದು. ಕೆಲಸ ಸಿಕ್ಕಿದವಳ ಮಸಿ ಪುಣ್ಯ, ಸಿಗದವಳ ಮಸಿ ಪಾಪ ಎಂಬುದು ಧರ್ಮವಿಚಾರವಲ್ಲ, ಲಾಭನಷ್ಟಗಳ ಲೆಕ್ಕ. ಆದುದರಿಂದ ಸಮರ್ಥನೆಯನ್ನು ಬೇರೆ ಕಡೆಯಲ್ಲಿ ಹುಡುಕಬೇಕು.

ಕೆಲಸ ಹುಡುಕುವವರ ನಿಜವಾದ ಕಷ್ಟವು ಯಾವುದೆಂಬುದನ್ನು ನೋಡೋಣ. ಬಡತನವೊಂದೇ ಅಲ್ಲ. ಅವರು ಮಾಡುವುದೆಲ್ಲವೂ ಇನ್ನೊಬ್ಬರ ‘ಆಗಲಿ’ ಎಂಬ ಮಾತಿಗಾಗಿ ಕಾದಿರುವುದು. ತಮ್ಮ ಚಿತ್ರ ಚೆನ್ನಾಗಿದೆಯೆ, ಬರಹ ಚೆನ್ನಾಗಿದೆಯೆ ಎಂಬುದನ್ನು ಕಾಣದ ಯಾರೋ ತೀರ್ಮಾನಿಸುವರು. ಅನೇಕ ವೇಳೆ ತೀರ್ಮಾನವನ್ನು ತಿಳಿಸುವ ಸೌಜನ್ಯವನ್ನೂ ತೋರರು. ಹೀಗೆ ತಿಂಗಳುಗಳು ಕಳೆದರೆ, ಒಳ್ಳೆಯದು ಕೆಟ್ಟದ್ದು ಎಂದು ತಾವೇ ಅರಿಯುವ ಶಕ್ತಿಯು ಮಂಕಾಗುವುದು. ಕಲಾವೃತ್ತಿಗೆ ಈ ಶಕ್ತಿಯೇ ಬಂಡವಾಳ. ಅದನ್ನು ಕಳೆದುಕೊಂಡವನಿಗೆ ಮುಂದೆ ಕೆಲಸ ಸಿಕ್ಕಿದರೂ ಅವನು ಪರರ ಮೆಚ್ಚಿಕೆಯ ಸೇವಕನಾಗಿಯೇ ಇರುವನು.

ಹಾಳೆಯ ಮುಂದೆ ಕುಳಿತಾಗ ಸ್ಥಿತಿಯು ಬೇರೆ. ‘ಕ’ಕಾರದ ತಿರುವು ಸರಿಯಾಗಿದೆಯೋ ಇಲ್ಲವೋ ಎಂಬುದಕ್ಕೆ ಯಾರ ಉತ್ತರವನ್ನೂ ಕಾಯಬೇಕಾಗಿಲ್ಲ, ಕಣ್ಣೇ ಹೇಳುವುದು. ತಪ್ಪಿದರೆ ಇನ್ನೊಮ್ಮೆ ಬರೆಯಬಹುದು. ಇಂದಿನ ದಿನಗಳಲ್ಲಿ ಇದಕ್ಕೆ ಇನ್ನೊಂದು ಗುಣವೂ ಸೇರಿದೆ. ಹಿಂದೆ ಉದ್ಯೋಗಾರ್ಥಿಯು ತನ್ನ ದುಂಡಕ್ಷರದಿಂದಲೇ ಅಧಿಕಾರಿಯನ್ನು ಮೆಚ್ಚಿಸಬೇಕಾಗಿತ್ತು. ವಿನಯಪೂರ್ವಕವಾದ ವಿಜ್ಞಾಪನೆಗಳನ್ನು ಬರೆದು ಬರೆದು ಕೈ ಬಗ್ಗಿಹೋಗುತ್ತಿತ್ತು. ಈಗ ಅರ್ಜಿಗಳೆಲ್ಲ ಹೆಚ್ಚಾಗಿ ಕಂಪ್ಯೂಟರಿನ ಮೂಲಕವೇ ಹೋಗುವುವು. ಕೈಬರಹಕ್ಕೆ ಪೇಟೆಯಲ್ಲಿ ಬೆಲೆಯಿಲ್ಲವಾಯಿತೆಂದು ದುಃಖಿಸುವವರಿದ್ದಾರೆ. ಆದರೆ ಬೆಲೆ ಹೋದ ಸಂಗಡ ಯಾಚನೆಯೂ ಹೋಗಿದೆ. ಇಂದು ಕೈಯಿಂದ ಬರೆದ ಸಾಲು ಯಾರನ್ನೂ ಬೇಡುವುದಿಲ್ಲ. ದಿನದಲ್ಲಿ ಒಂದು ಗಂಟೆ ಬೇಡದೆ ಇರುವುದು, ಉಳಿದ ಹೊತ್ತು ಬೇಡಲೇಬೇಕಾದವರಿಗೆ ಸಾಮಾನ್ಯವಾದ ಉಪಕಾರವಲ್ಲ.

ಇನ್ನು ಹಣದ ಮಾತು. ಈ ವಿನೋದಕ್ಕೆ ಐಶ್ವರ್ಯವು ಬೇಕಾಗಿಲ್ಲವೆಂಬುದಕ್ಕೆ ನಮ್ಮ ನಾಡಿನ ಲೇಖನಸಾಮಗ್ರಿಗಳೇ ಸಾಕ್ಷಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ ಮಡಿಕೆಮಡಿಕೆಯಾಗಿ ಮಡಿಸಿದರೆ ಕಡತವಾಗುತ್ತಿತ್ತು. ಬರೆಯುವುದಕ್ಕೆ ಬಳಪವೊಂದು ಸಾಕು. ಬರೆದದ್ದನ್ನು ಒರಸಿ ಮತ್ತೆ ಬರೆಯಬಹುದು. ಇಂಥ ಕಡತಗಳಲ್ಲಿ ವರ್ತಕರ ಲೆಕ್ಕಗಳು ಮಾತ್ರವಲ್ಲದೆ ಶೃಂಗೇರಿ ಮಠದ ದಾಖಲೆಗಳೂ ಉಳಿದುಬಂದಿವೆ. ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರಸಿದರೆ ಕಪ್ಪು ಮಸಿಯಾಗುವುದು. ಅದು ಬರೆಯುವಾಗ ಮಾಸಲಾಗಿದ್ದು ಗಾಳಿ ತಾಗಿದ ಮೇಲೆ ಕಪ್ಪಾಗುವುದು. ತಾಳೆಗರಿಯ ಮೇಲೆ ಕಂಟದಿಂದ ಉದ್ದನೆಯ ಅಡ್ಡಗೆರೆಗಳನ್ನು ಎಳೆದರೆ ಗರಿ ಸೀಳುವುದಾದ್ದರಿಂದ ದಕ್ಷಿಣದ ಲಿಪಿಗಳು ದುಂಡಾದುವೆಂದು ಹೇಳುವುದುಂಟು. ಅಗಲಮೊನೆಯ ಗರಿಯು ಜಾನ್‌ಸ್ಟನ್ನನಿಗೆ ಕಲಿಸಿದ ಪಾಠವೂ ಇದೇ ಜಾತಿಯದು: ಉಪಕರಣವನ್ನು ಅರಿತವನಿಗೆ ಅಕ್ಷರದ ಗುಟ್ಟು ತಿಳಿಯುವುದು. ಆ ಅರಿವು ಬಹಳ ಪೆನ್ನುಗಳಿಂದ ಬರುವುದಲ್ಲ; ಒಂದೇ ಪೆನ್ನಿನ ದೀರ್ಘ ಸಹವಾಸದಿಂದ ಬರುವುದು.

ಆದಕಾರಣ ಉದ್ಯೋಗವನ್ನು ಅರಸುತ್ತಿರುವವರು ಈ ವಿನೋದವನ್ನು ಕೈಕೊಳ್ಳುವುದಾದರೆ ಎರಡು ಮೂರು ಕಟ್ಟುಗಳನ್ನು ತಾವೇ ಹಾಕಿಕೊಳ್ಳತಕ್ಕುದು. ಹಗಲಿನ ಮೊದಲ ಹೊತ್ತು ಹುಡುಕಾಟಕ್ಕೆ ಸಲ್ಲಲಿ. ಒಂದು ಪುಸ್ತಕದ ಹಾಳೆಗಳು ತುಂಬುವವರೆಗೆ ಮತ್ತೊಂದು ಪುಸ್ತಕವು ಮನೆಗೆ ಬಾರದಿರಲಿ. ಬರೆದದ್ದರಲ್ಲಿ ಸ್ವಲ್ಪವಾದರೂ ಇತರರಿಗೆ ತಲಪಲಿ: ದೂರದ ಸೋದರಮಾವನಿಗೊಂದು ಕಾರ್ಡು, ಕಣ್ಣು ಮಂಜಾದ ಅಜ್ಜಿಗೆ ದಪ್ಪಕ್ಷರದಲ್ಲಿ ಬರೆದುಕೊಟ್ಟ ಒಂದು ಸ್ತೋತ್ರ, ಮದುವೆಯ ಮನೆಯ ಲಕೋಟೆಗಳ ಮೇಲೆ ಹೆಸರುಗಳು. ಇವುಗಳಿಂದ ಸಂಬಳ ಬಾರದಿರಬಹುದು. ಆದರೆ ಮನೆಯಲ್ಲಿ ತಾನು ಉಣ್ಣುವವಳು ಮಾತ್ರವೆಂಬ ಸಂಕೋಚವು ಕಡಮೆಯಾಗುವುದು.

ಕಟ್ಟುಗಳು ಒಂದು ಕಡೆಗೇ ಇದ್ದರೆ ಸಾಲದು. ಹಿರಿಯರಿಗೂ ಒಂದು ಕರ್ತವ್ಯವಿದೆ. ನವರಾತ್ರಿಯಲ್ಲಿ ನಾವು ಪುಸ್ತಕಗಳನ್ನೂ ಲೇಖನಿಯನ್ನೂ ಪೀಠದ ಮೇಲಿಟ್ಟು ಅರಿಸಿನ ಕುಂಕುಮಗಳಿಂದ ಪೂಜಿಸುತ್ತೇವೆ. ಆ ಲೇಖನಿ ಈ ವರ್ಷ ಎಷ್ಟು ಸಂಪಾದಿಸಿತೆಂದು ಅಂದು ಯಾರೂ ಕೇಳುವುದಿಲ್ಲ. ವಿದ್ಯೆಯ ಸಾಧನವು ಗಳಿಕೆಯ ಸಾಧನವಾಗುವುದಕ್ಕೆ ಮೊದಲೇ ಪೂಜ್ಯವೆಂಬ ಭಾವನೆಯಿಂದಲ್ಲವೆ ಹಾಗೆ ಮಾಡುವುದು? ಪೀಠದ ಮೇಲಿನ ಲೇಖನಿಗೆ ಸಲ್ಲುವ ಮರ್ಯಾದೆಯಲ್ಲಿ ಅಷ್ಟಿಷ್ಟನ್ನು ಮಗಳ ಕೈಯಲ್ಲಿರುವ ಲೇಖನಿಗೂ ಉಳಿದ ದಿನಗಳಲ್ಲಿ ಸಲ್ಲಿಸಿದರೆ ಶಾಸ್ತ್ರಕ್ಕೆ ಕುಂದಿಲ್ಲ. ಮನುಷ್ಯನಿಗೆ ವೃತ್ತಿ ತಪ್ಪಬಹುದು, ತಡವಾಗಬಹುದು, ಬಯಸಿದ್ದು ಬಿಟ್ಟು ಬೇರೆಯದೇ ಬರಬಹುದು. ಚೆನ್ನಾಗಿ ಮಾಡಬೇಕೆಂಬ ಬುದ್ಧಿಯು ಆವರೆಗೆ ಕೆಡದೆ ಉಳಿದಿದ್ದರೆ, ಯಾವುದು ಬಂದರೂ ಅವನು ಅದಕ್ಕೆ ಸಿದ್ಧನಾಗಿರುವನು. ಆ ಬುದ್ಧಿಯನ್ನು ಕಾಪಾಡಿಕೊಳ್ಳುವುದಕ್ಕೆ ಒಂದು ಸೀಸೆ ಮಸಿಯ ವೆಚ್ಚವು ಹೆಚ್ಚೆಂದು ನಮಗೆ ತೋರುವುದಿಲ್ಲ.