ಹಿಟ್ಟಿನೊಳಗಿನ ಸೊಪ್ಪು, ತಟ್ಟೆಯ ಮುಂದಿನ ಸತ್ಯ

ದೋಸೆ ಹಿಟ್ಟಿಗೆ ನುಣ್ಣಗೆ ರುಬ್ಬಿದ ಪಾಲಕ್, ಪೂರಿಗೆ ಬೀಟ್‌ರೂಟ್, ಪಾಸ್ತಾ ಸಾಸ್‌ಗೆ ಬೇಯಿಸಿದ ಸಿಹಿಗುಂಬಳ. ತರಕಾರಿ ಕಂಡರೆ ಮುಖ ಸಿಂಡರಿಸುವ ಮಕ್ಕಳಿರುವ ಮನೆಗಳಲ್ಲಿ ಇದು ನಿತ್ಯದ ಉಪಾಯ. ಅಮೆರಿಕದಲ್ಲಿ 2007ರಲ್ಲಿ ಇದನ್ನೇ ಹೇಳಿಕೊಡುವ ಎರಡು ಅಡುಗೆ ಪುಸ್ತಕಗಳು ಬಂದು ಭರ್ಜರಿಯಾಗಿ ಮಾರಾಟವಾದವು. ಹೇಗೋ ಮಗುವಿನ ಹೊಟ್ಟೆ ಸೇರಿದರೆ ಸಾಕು ಎಂಬುದು ಹೆತ್ತವರ ಕಾಳಜಿಯ ಮಾತು. ಆದರೆ ‘ಇದಕ್ಕೇನು ಹಾಕಿದ್ದೀಯ?’ ಎಂದು ಮಗು ಕೇಳಿದಾಗ ‘ಏನೂ ಇಲ್ಲ, ತಿನ್ನು’ ಎಂದರೆ ಅದು ಸುಳ್ಳೇ. ಒಳ್ಳೆಯದಕ್ಕಾಗಿ ಆಡಿದ ಸುಳ್ಳಿಗೂ ದೋಷವಿದೆಯೇ?

ಮಹಾಯಾನ ಬೌದ್ಧರ ಸದ್ಧರ್ಮಪುಂಡರೀಕ ಸೂತ್ರದಲ್ಲಿ ಒಬ್ಬ ವೈದ್ಯನ ಕಥೆಯಿದೆ. ಅವನು ಪರಊರಿಗೆ ಹೋದಾಗ ಮಕ್ಕಳು ವಿಷ ಕುಡಿದಿರುತ್ತಾರೆ. ಬಂದವನು ಒಳ್ಳೆಯ ಬಣ್ಣ, ಪರಿಮಳ, ರುಚಿಯ ಮದ್ದು ಅರೆದು ಕೊಡುತ್ತಾನೆ. ಕೆಲವರು ಸೇವಿಸಿ ಗುಣವಾಗುತ್ತಾರೆ. ವಿಷ ತಲೆಗೇರಿದವರು ಮುಟ್ಟುವುದಿಲ್ಲ. ತಂದೆ ಮದ್ದನ್ನು ಅಲ್ಲೇ ಇಟ್ಟು ದೂರ ಹೋಗಿ, ತಾನು ಸತ್ತೆನೆಂದು ಹೇಳಿಕಳಿಸುತ್ತಾನೆ. ದುಃಖದಲ್ಲಿ ಬುದ್ಧಿ ತಿಳಿಯಾಗಿ ಮಕ್ಕಳು ಮದ್ದು ತೆಗೆದುಕೊಳ್ಳುತ್ತಾರೆ, ತಂದೆ ಮರಳುತ್ತಾನೆ. ಅವನನ್ನು ಸುಳ್ಳುಗಾರನೆನ್ನಬಹುದೇ ಎಂದು ಬುದ್ಧ ಕೇಳಿದರೆ ಕೇಳುಗರು ಇಲ್ಲವೆನ್ನುತ್ತಾರೆ. ಇದಕ್ಕೆ ಉಪಾಯಕೌಶಲ್ಯವೆಂದು ಹೆಸರು.

ಅಡುಗೆಮನೆಯ ಉಪಾಯಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ಸಿಗಲಾರದು. ಆದರೆ ವೈದ್ಯ ಸುಳ್ಳು ಹೇಳಿದ್ದು ತನ್ನ ಸಾವಿನ ಬಗ್ಗೆ. ಮದ್ದನ್ನು ಅವನು ಹಾಲಿನಲ್ಲಿ ಕದಡಿ ಕುಡಿಸಲಿಲ್ಲ. ಅದು ಮಕ್ಕಳ ಕಣ್ಣೆದುರೇ ಇತ್ತು, ಅವರೇ ಕೈಯಾರೆ ಎತ್ತಿಕೊಂಡರು.

ಗಾಂಧೀಜಿಯ ಆತ್ಮಕಥೆಯಲ್ಲಿ ಇದರ ವಿರುದ್ಧದ ಘಟನೆಯಿದೆ. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಶಸ್ತ್ರಚಿಕಿತ್ಸೆಯಾಗಿ ನಿತ್ರಾಣರಾಗಿದ್ದ ಕಸ್ತೂರಬಾಗೆ ಗೋಮಾಂಸದ ಸಾರು ಕೊಡಲು ವೈದ್ಯರು ಫೋನಿನಲ್ಲಿ ಒಪ್ಪಿಗೆ ಕೇಳಿದರು. ಗಾಂಧೀಜಿ ಒಪ್ಪದೆ, ಅವರನ್ನೇ ಕೇಳಿ ಎಂದರು. ಜೋಹಾನ್ಸ್‌ಬರ್ಗ್‌ನಿಂದ ಧಾವಿಸಿ ಬಂದಾಗ ತಿಳಿದದ್ದು: ಫೋನ್ ಮಾಡುವ ಮೊದಲೇ ಸಾರು ಕುಡಿಸಿಯಾಗಿತ್ತು. ಜೀವ ಉಳಿಸಲು ರೋಗಿಯನ್ನು ವಂಚಿಸುವುದು ಪುಣ್ಯವೆಂಬುದೇ ವೈದ್ಯರ ನಿಲುವು. ಕೊನೆಗೆ ಕಸ್ತೂರಬಾರನ್ನೇ ಕೇಳಿದಾಗ ಅವರು ಖಡಾಖಂಡಿತವಾಗಿ ಬೇಡವೆಂದರು. ಆ ದುರ್ಬಲ ಸ್ಥಿತಿಯಲ್ಲೇ ಅವರನ್ನು ಫೀನಿಕ್ಸ್ ಆಶ್ರಮಕ್ಕೆ ಕರೆದೊಯ್ಯಲಾಯಿತು.

ಮೂರು ವರ್ಷದ ಮಗುವಿನ ಹಟವನ್ನು ಕಸ್ತೂರಬಾರ ವ್ರತದ ಪಕ್ಕ ಇಡುವುದು ತಪ್ಪು. ಪಾಲಕ್ ಒಲ್ಲದ ಮಗುವಿಗೆ ಪಾಲಕ್ ತಿನ್ನಿಸಿದರೆ ಯಾವ ವ್ರತವೂ ಕೆಡದು. ಆದರೆ ಗಡ್ಡೆ ಗೆಣಸು ಮುಟ್ಟದ ಜೈನ ಮನೆಯ ಹುಡುಗಿ ಗೆಳತಿಯ ಮನೆಗೆ ಊಟಕ್ಕೆ ಬಂದಾಗ ಪೂರಿಯ ಬೀಟ್‌ರೂಟನ್ನು ಮುಚ್ಚಿಟ್ಟರೆ ಅದು ಆ ಮಗುವಿಗೆ ಮಾಡಿದ ಅನ್ಯಾಯವೇ.

ಹೇಳದೆ ಬೆರೆಸಿದರೆ ನಂಬಿಕೆ ಹೇಗೆ ಒಡೆಯುತ್ತದೆ ಎಂಬುದು ಶಾಲೆಯ ಬಿಸಿಯೂಟದಲ್ಲೂ ಕಂಡಿದೆ. ಸಾರವರ್ಧಿತ ಅಕ್ಕಿ ಬಂದಾಗ ಕರ್ನಾಟಕದ ಹಲವೆಡೆ ‘ಪ್ಲಾಸ್ಟಿಕ್ ಅಕ್ಕಿ’ ಎಂಬ ಗುಲ್ಲೆದ್ದಿತು. ಅಕ್ಕಿಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಅಕ್ಕಿಯಾಕಾರಕ್ಕೆ ಒತ್ತಿದ ಆ ಕಾಳನ್ನು ಸುಮಾರು 100 ಕಾಳಿಗೆ ಒಂದರಂತೆ ಬೆರೆಸುತ್ತಾರೆ. ಬಣ್ಣ ತುಸು ಬೇರೆ, ನೀರಿನಲ್ಲಿ ತೇಲುವುದೂ ಉಂಟು. ಸಂಗತಿ ಗೊತ್ತಿಲ್ಲದ ಕಡೆ ಅಮ್ಮಂದಿರು ಅದನ್ನೇ ಆರಿಸಿ ಎಸೆದರು. ರಕ್ತಹೀನತೆ ನೀಗಿಸಲು ಹಾಕಿದ ಕಾಳು ತಿಪ್ಪೆಗೆ ಹೋಯಿತು.

ಮನೆಯಲ್ಲಿ ಅಡಗಿಸುವುದರಿಂದ ಇನ್ನೊಂದು ನಷ್ಟವೂ ಇದೆ. ಎರಡರಿಂದ ಆರು ವರ್ಷದ ಮಕ್ಕಳು ಹೊಸ ತಿನಿಸಿಗೆ ಹೆದರುವುದು ಸಹಜ. ಮತ್ತೆ ಮತ್ತೆ ರುಚಿ ನೋಡಿದ ಮೇಲೆಯೇ ಎಷ್ಟೋ ಮಕ್ಕಳಿಗೆ ಅದು ಒಗ್ಗುತ್ತದೆ. ಹೆಸರೇ ಕೇಳದೆ ತಿಂದ ಪಾಲಕ್‌ನ ಪರಿಚಯ ಮಗುವಿಗೆ ಆಗುವುದಾದರೂ ಹೇಗೆ?

ಮಲೆನಾಡಿನ ಅಡುಗೆಮನೆ ಇದನ್ನು ಎಂದೋ ಬಗೆಹರಿಸಿಕೊಂಡಿದೆ. ಒಂದೆಲಗವನ್ನು ಜೀರಿಗೆ, ಮೆಣಸು, ತೆಂಗಿನತುರಿಯೊಂದಿಗೆ ಗುರುತೇ ಸಿಗದಂತೆ ರುಬ್ಬಿ, ಮಜ್ಜಿಗೆಗೆ ಬೆರೆಸಿ ತಂಬುಳಿ ಮಾಡುತ್ತಾರೆ. ಬಡಿಸುವಾಗ ಮಾತ್ರ ‘ಒಂದೆಲಗದ ತಂಬುಳಿ, ಬುದ್ಧಿ ಚುರುಕಾಗುತ್ತೆ’ ಎಂದು ಅಜ್ಜಿ ಹೆಸರಿಟ್ಟು ಹೇಳುತ್ತಾಳೆ. ಚಕ್ರಮುನಿ, ದೊಡ್ಡಪತ್ರೆಗಳಿಗೂ ಇದೇ ಕ್ರಮ. ಬೇಡವೆನ್ನುವ ಮಗುವಿಗೆ ಅಂದು ಬರೀ ಮಜ್ಜಿಗೆ ಅನ್ನ. ಮರುವಾರ ತಂಬುಳಿ ಮತ್ತೆ ಎಲೆಗೆ ಬರುತ್ತದೆ.