ಪುಕ್ಕಟೆ ಪಾಸು

ಊಟದ ಹೊತ್ತಿನಲ್ಲಿ ಎದ್ದ ಚರ್ಚೆ ಕೈ ತೊಳೆದೊಡನೆ ಮುಗಿಯಬೇಕೆಂಬುದು ನಮ್ಮ ಮನೆಯ ಹಳೆಯ ಪದ್ಧತಿ. ಈಗ ಹೇಳಹೊರಟಿರುವ ಚರ್ಚೆ ಮಾತ್ರ ಹಾಗೆ ಮುಗಿಯಲಿಲ್ಲ. 2019ರ ಬೇಸಿಗೆಯಲ್ಲಿ ಎದ್ದದ್ದು, ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ಆ ವರ್ಷ ನಾನು ಕ್ಯಾಲಿಫೋರ್ನಿಯದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಅಲ್ಲಿಗೆ ಹೋದ ತಾತಂದಿರಿಗೆಲ್ಲ ಒದಗುವ ಯೋಗ ನನಗೂ ಒದಗಿ, ಮೊಮ್ಮಗನ ಕೈ ಹಿಡಿದುಕೊಂಡು ಅನಹೈಮ್ ಪಟ್ಟಣದ ಡಿಸ್ನಿಲ್ಯಾಂಡನ್ನು ನೋಡಿಬಂದೆ. ಕಿತ್ತಳೆ ತೋಟಗಳಿದ್ದ ನೆಲದಲ್ಲಿ 1955ರ ಜುಲೈ 17ರಂದು ಬಾಗಿಲು ತೆರೆದ ಆ ವಿಹಾರೋದ್ಯಾನದ ವರ್ಣನೆಯನ್ನು ಓದುಗರು ಬೇಕಾದಷ್ಟು ಕಡೆ ಓದಿದ್ದಾರೆ. ನಾನು ಅದಕ್ಕೆ ಕೈ ಹಾಕುವುದಿಲ್ಲ. ನನ್ನ ನೆನಪಿನಲ್ಲಿ ನಿಂತದ್ದು ಅಲ್ಲಿನ ಕೋಟೆಯಲ್ಲ, ಒಬ್ಬ ಕಸ ಗುಡಿಸುವವನು. ನನಗಿಂತ ಐದಾರು ವರ್ಷ ಚಿಕ್ಕವನಿದ್ದಾನು. ಬಿಳಿಯ ಉಡುಪು, ಎದೆಯ ಮೇಲೊಂದು ಬಿಲ್ಲೆ, ಬಿಲ್ಲೆಯಲ್ಲಿ ಅವನ ಹೆಸರು, ಹೆಸರಿನ ಕೆಳಗೆ ಅವನ ಊರು. ಮಕ್ಕಳು ಸುತ್ತ ಸೇರಿದಾಗ ಅವನು ಪೊರಕೆಯನ್ನು ನೀರಿನಲ್ಲಿ ಅದ್ದಿ ನೆಲದ ಮೇಲೆ ನಾಲ್ಕೇ ಗೆರೆಗಳಲ್ಲಿ ಇಲಿಯ ಮುಖವನ್ನು ಬರೆದ. ನಮ್ಮ ಹೆಂಗಸರು ಅಂಗಳದಲ್ಲಿ ರಂಗೋಲಿ ಎಳೆಯುವಾಗಿನ ಕೈಯ ಸಲೀಸು ಅದು. ಬಿಸಿಲಿಗೆ ಆ ಮುಖ ಆರಿಹೋಗುವ ತನಕ ಮಕ್ಕಳು ಕದಲಲಿಲ್ಲ.

“ಅಪ್ಪಾ, ಈ ತಾತ ಬೇಕೆಂದಾಗ ಇಲ್ಲಿ ಬಂದು ಆಡಬಹುದಾ?” ಎಂದ ನನ್ನ ಮೊಮ್ಮಗ.

“ಹೂಂ. ಇಲ್ಲಿ ಕೆಲಸ ಮಾಡುವವರಿಗೆ ಟಿಕೆಟ್ಟಿಲ್ಲ” ಎಂದ ನನ್ನ ಮಗ. ಹುಡುಗ ತಾನು ದೊಡ್ಡವನಾದ ಮೇಲೆ ಯಾವ ಉದ್ಯೋಗ ಹಿಡಿಯಬೇಕೆಂಬುದನ್ನು ಅಲ್ಲೇ ತೀರ್ಮಾನಿಸಿಬಿಟ್ಟ.

ರಾತ್ರಿ ಊಟಕ್ಕೆ ಕುಳಿತಾಗ ಮಗನೂ ಸೊಸೆಯೂ ಈ ಮಾತನ್ನೇ ಎತ್ತಿಕೊಂಡರು. ಅಲ್ಲಿನ ನೌಕರರಿಗೆ ದೊರೆಯುವ ಸವಲತ್ತುಗಳು ಒಂದೆರಡಲ್ಲ. ತಮಗೆ ಪುಕ್ಕಟೆ ಪ್ರವೇಶ. ವರ್ಷದಲ್ಲಿ ಕೆಲವು ಸಲ ಮನೆಯವರನ್ನೂ ಸ್ನೇಹಿತರನ್ನೂ ಕರೆದುಕೊಂಡು ಹೋಗಬಹುದು. ಅಂಗಡಿಯ ಸಾಮಾನು, ತಿಂಡಿತೀರ್ಥ, ಹೋಟಲಿನ ಕೋಣೆ ಇವುಗಳ ಮೇಲೆ ರಿಯಾಯಿತಿ. 2018ರಿಂದ ಗಂಟೆಯ ಲೆಕ್ಕದಲ್ಲಿ ದುಡಿಯುವವರ ಕಾಲೇಜು ಶುಲ್ಕವನ್ನೂ ಕಂಪೆನಿಯೇ ಕಟ್ಟುವ ಏರ್ಪಾಡಾಗಿದೆ. ಆದರೆ ಜನ ಕಿಕ್ಕಿರಿಯುವ ಕೆಲವು ದಿನಗಳಲ್ಲಿ ಪುಕ್ಕಟೆ ಪಾಸು ನಡೆಯುವುದಿಲ್ಲ. “ಇಷ್ಟು ಕೊಡುವವರು ಎಷ್ಟು ಮಂದಿ ಇದ್ದಾರೆ? ಉದಾರಿಗಳೇ ಸರಿ” ಎಂದು ಮಗ. “ರಜ ಸಿಗುವ ದಿನ ಬಾಗಿಲು ಹಾಕಿ, ರಜ ಸಿಗದ ದಿನ ಬಾಗಿಲು ತೆರೆಯುವುದು ಎಂಥ ಔದಾರ್ಯ?” ಎಂದು ಸೊಸೆ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದರು. “ಮಾವ, ನೀವೇ ಹೇಳಿ.”

ನಾನು “ಮಜ್ಜಿಗೆ ಇದೆಯಾ?” ಎಂದೆ. ಹಿರಿಯರಿಗೆ ಇಂಥ ಹೊತ್ತಿನಲ್ಲಿ ಮಜ್ಜಿಗೆಗಿಂತ ದೊಡ್ಡ ಆಸರೆಯಿಲ್ಲ.

ನನಗೆ ಉತ್ತರ ತಿಳಿಯದೆ ಇದ್ದದ್ದಲ್ಲ. ಪ್ರಶ್ನೆಯೇ ಓರೆಯಾಗಿದೆ ಎನ್ನಿಸಿತು. ಔದಾರ್ಯ ಸಾಕಷ್ಟಿದೆಯೇ ಎಂದು ಕೇಳುವುದಕ್ಕೆ ಮುಂಚೆ, ಅದು ಔದಾರ್ಯವೇ ಎಂದು ಕೇಳಬೇಡವೇ? ಕೊಡುವವನ ಕೈ ಎಷ್ಟು ಬರಿದಾಯಿತೆಂಬುದು ಒಂದು ಅಳತೆ. ಈ ಅಳತೆಯಲ್ಲಿ ಪುಕ್ಕಟೆ ಪಾಸು ಎಲ್ಲಿ ನಿಲ್ಲುತ್ತದೆ? ಹೇಗಿದ್ದರೂ ತಿರುಗುವ ತೊಟ್ಟಿಲಿನಲ್ಲಿ ಒಂದು ಖಾಲಿ ಜಾಗದಲ್ಲಿ ಒಬ್ಬ ನೌಕರನ ಮಗು ಕುಳಿತರೆ ಯಜಮಾನನಿಗೆ ಕಾಸಿನ ನಷ್ಟವೂ ಇಲ್ಲ. ಇದು ನನ್ನ ಕುಹಕವಲ್ಲ. ನೌಕರರ ಸವಲತ್ತುಗಳಿಗೆ ತೆರಿಗೆ ಹಾಕಬೇಕೇ ಬೇಡವೇ ಎಂಬುದನ್ನು ನಿಶ್ಚಯಿಸಲು ಅಮೆರಿಕದವರು 1984ರಲ್ಲಿ ತಮ್ಮ ಆದಾಯ ತೆರಿಗೆಯ ಕಾಯಿದೆಗೆ ಒಂದು ಪ್ರಕರಣವನ್ನು ಸೇರಿಸಿದರು. ಗಿರಾಕಿಗಳಿಗೆ ಮಾರುವ ಸೇವೆಯನ್ನೇ ನೌಕರನಿಗೆ ಪುಕ್ಕಟೆಯಾಗಿ ಒದಗಿಸಿದರೆ, ಅದರಿಂದ ಯಜಮಾನನಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಖರ್ಚು ಬೀಳದಿದ್ದರೆ, ಅದಕ್ಕೆ ತೆರಿಗೆಯಿಲ್ಲ. ಕಾಯಿದೆ ಅದಕ್ಕೆ ಇಟ್ಟ ಹೆಸರೇ ‘ಹೆಚ್ಚುವರಿ ವೆಚ್ಚವಿಲ್ಲದ ಸೇವೆ’ ಎಂದು. ಸಾಮಾನಿನ ರಿಯಾಯಿತಿಗೂ ಅಲ್ಲೊಂದು ಮಿತಿಯಿದೆ: ವ್ಯಾಪಾರಿಗೆ ಬರುವ ಲಾಭದ ಪ್ರಮಾಣವನ್ನು ಮೀರದಷ್ಟು ರಿಯಾಯಿತಿಗೆ ಮಾತ್ರ ತೆರಿಗೆಯಿಂದ ಬಿಡುಗಡೆ. ಕವಿಗಳು ಹೇಳಬೇಕಾದದ್ದನ್ನು ಕೆಲವು ಸಲ ತೆರಿಗೆಯ ಗುಮಾಸ್ತರು ಹೇಳಿಬಿಡುತ್ತಾರೆ.

ಆದರೆ ಈ ಅಳತೆಯೊಂದನ್ನೇ ನೆಚ್ಚಿಕೊಳ್ಳಲು ನನಗೆ ಧೈರ್ಯವಿಲ್ಲ. ಕೊಡುವವನಿಗೆ ನಷ್ಟವಾಗದ ಕೊಡುಗೆಗಳೂ ಕೊಡುಗೆಗಳೇ. ಹಳ್ಳಿಯಲ್ಲಿ ಸಿಹಿನೀರಿನ ಬಾವಿಯಿದ್ದ ಮನೆಯವರು ನೆರೆಯವರಿಗೆ ಸೇದಿಕೊಳ್ಳಲು ಬಿಡುತ್ತಿದ್ದರು. ಬಾವಿ ತುಂಬಿದ್ದಾಗ ನಾಲ್ಕು ಕೊಡ ಹೋದರೆ ಯಾರಿಗೂ ತಿಳಿಯದು. ಅಷ್ಟಕ್ಕೇ ಅದು ಉಪಕಾರವಲ್ಲವೆಂದರೆ ಕೃತಘ್ನತೆಯಾದೀತು. ಬಿಡದೆ ಇದ್ದವರೂ ಊರಿನಲ್ಲಿ ಇದ್ದರಷ್ಟೆ. ಎಲ್ಲಿ ಕೆಡುತ್ತದೆಂದರೆ, ಅದೇ ಮನೆಯ ಗದ್ದೆಯಲ್ಲಿ ಕುಯ್ಲು ಕುಯ್ದವನು ಕಣದಲ್ಲಿ ನಿಂತು ತನ್ನ ಪಾಲಿನ ಭತ್ತ ಕೇಳಿದಾಗ, “ಇಷ್ಟು ವರ್ಷ ನಮ್ಮ ಬಾವಿಯ ನೀರು ಕುಡಿದಿಲ್ಲವೇನೋ?” ಎಂದರೆ. ಆ ಗಳಿಗೆಯಲ್ಲಿ ನೀರು ನೀರಾಗಿ ಉಳಿಯುವುದಿಲ್ಲ. ಹಿಂದೆ ಕುಡಿದದ್ದೂ ಸಾಲವಾಗಿ ಹೋಗುತ್ತದೆ.

ಭತ್ತಕ್ಕೆ ಬದಲು ನೀರು ಕೊಡಬಾರದೆಂಬ ತಿಳಿವು ಕಾನೂನಿಗೂ ತಡವಾಗಿಯೇ ಬಂದದ್ದು. ಇಂಗ್ಲೆಂಡಿನಲ್ಲಿ ಕಾರ್ಖಾನೆಯ ಧಣಿಗಳು ಕೂಲಿಯ ಬದಲು ತಮ್ಮದೇ ಅಂಗಡಿಯ ಸಾಮಾನನ್ನು ಅಳೆದುಕೊಡುತ್ತಿದ್ದುದಕ್ಕೆ 1831ರ ಕಾಯಿದೆ ಅಡ್ಡ ಬಂತು. ನಮ್ಮಲ್ಲಿ 1936ರ ವೇತನ ಪಾವತಿ ಕಾಯಿದೆ ಕೂಲಿಯನ್ನು ಚಲಾವಣೆಯ ನಾಣ್ಯ ನೋಟುಗಳಲ್ಲೇ ಕೊಡಬೇಕೆಂದು ವಿಧಿಸಿತು. ಕ್ಯಾಲಿಫೋರ್ನಿಯದ ಕಾರ್ಮಿಕ ಸಂಹಿತೆಯಂತೂ ಕೂಲಿಗೆ ಬದಲಾಗಿ ಅಂಗಡಿಯಲ್ಲಿ ಸಾಮಾನಾಗಿ ಮಾತ್ರ ಬದಲಾಯಿಸಿಕೊಳ್ಳಬಹುದಾದ ಚೀಟಿಯನ್ನೋ ಕೂಪನ್ನನ್ನೋ ಕೊಡಬಾರದೆಂದು ಬಿಡಿಸಿಯೇ ಹೇಳಿದೆ. ಡಿಸ್ನಿಲ್ಯಾಂಡಿನ ಪಾಸು ಈ ಕಾಯಿದೆಯನ್ನು ಮುರಿಯುವುದಿಲ್ಲ, ನಿಜ. ಅದು ಕೂಲಿಯ ಬದಲಲ್ಲ, ಕೂಲಿಯ ಮೇಲೆ ಕೊಟ್ಟದ್ದು. ಆದರೆ ಕೂಲಿಯೇ ಸಾಲದಾಗಿದ್ದರೆ ಈ ‘ಮೇಲೆ’ ಎಂಬ ಮಾತಿಗೆ ಎಷ್ಟು ಬೆಲೆ?

ಸಾಲದೆಂದು ಹೇಳಿದವರು ಅಲ್ಲಿ ದುಡಿಯುವವರೇ. 2018ರಲ್ಲಿ ಕಾರ್ಮಿಕ ಸಂಘಗಳ ನೆರವಿನಿಂದ ಒಂದು ಸಂಶೋಧನಾ ಸಂಸ್ಥೆಯೂ ಆಕ್ಸಿಡೆಂಟಲ್ ಕಾಲೇಜಿನವರೂ ಸೇರಿ ಅಲ್ಲಿನ ಸುಮಾರು 5,000 ನೌಕರರನ್ನು ವಿಚಾರಿಸಿ ವರದಿ ಮಾಡಿದರು. ಉತ್ತರ ಕೊಟ್ಟವರಲ್ಲಿ ನೂರಕ್ಕೆ 73 ಮಂದಿ ತಿಂಗಳ ಮೂಲಭೂತ ಖರ್ಚಿಗೆ ಸಂಬಳ ಸಾಲದೆಂದರು. ಹಿಂದಿನ ಎರಡು ವರ್ಷಗಳಲ್ಲಿ ಎಂದಾದರೊಮ್ಮೆ ಇರಲು ಮನೆಯಿಲ್ಲದೆ ಹೋಗಿದ್ದೆವೆಂದವರು ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು. ಕಂಪೆನಿ ಈ ವರದಿಯನ್ನು ಒಪ್ಪಲಿಲ್ಲ, ಶಾಸ್ತ್ರೀಯವಾದದ್ದಲ್ಲ ಎಂದಿತು. ಹಣ ಕೊಟ್ಟವರು ಯಾರೆಂಬುದನ್ನು ನೋಡಿ ಓದುಗರು ಸಂಖ್ಯೆಯನ್ನು ಕೊಂಚ ಇಳಿಸಿಕೊಳ್ಳಲಿ, ಅರ್ಧಕ್ಕೇ ಇಳಿಸಿಕೊಳ್ಳಲಿ, ಉಳಿದದ್ದೂ ಸಣ್ಣದಲ್ಲ. ಅದೇ ವರ್ಷದ ಬೇಸಿಗೆಯಲ್ಲಿ ಕಂಪೆನಿಯು ಸಂಘಗಳೊಡನೆ ಒಪ್ಪಂದ ಮಾಡಿಕೊಂಡು 2019ರಿಂದ ಗಂಟೆಗೆ 15 ಡಾಲರು ಕೊಡಲು ಒಪ್ಪಿತೆಂಬುದನ್ನೂ ಹೇಳಬೇಕು. ನವೆಂಬರಿನಲ್ಲಿ ಅನಹೈಮಿನ ಮತದಾರರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಗರದಿಂದ ಸಹಾಯಧನ ಪಡೆಯುವ ದೊಡ್ಡ ಹೋಟಲು, ವಿಹಾರೋದ್ಯಾನಗಳ ಕನಿಷ್ಠ ಕೂಲಿಯು 2022ರ ಹೊತ್ತಿಗೆ 18 ಡಾಲರಿಗೆ ಏರಬೇಕೆಂದು ವಿಧಿಸಿದರು. ಇದು ತನಗೆ ಅನ್ವಯಿಸದೆಂದು ಕಂಪೆನಿ ವಾದಿಸಿತು. 2023ರಲ್ಲಿ ಮೇಲ್ಮನವಿಯ ನ್ಯಾಯಾಲಯ ಅನ್ವಯಿಸುತ್ತದೆ ಎಂದಿತು. 2024ರ ಕೊನೆಯಲ್ಲಿ 233 ಮಿಲಿಯನ್ ಡಾಲರು, ಎಂದರೆ 23 ಕೋಟಿಗೂ ಹೆಚ್ಚು ಡಾಲರು ಕೊಟ್ಟು ರಾಜಿಯಾಗಲು ಕಂಪೆನಿ ಒಪ್ಪಿತು. ಸುಮಾರು 50,000 ಮಂದಿಗೆ ಹಂಚಬೇಕಾದ ಹಣ. ಇಷ್ಟು ವರ್ಷವೂ ಪಾಸುಗಳು ನಡೆಯುತ್ತಲೇ ಇದ್ದವು.

ಸಂಬಳವೆಂಬ ನಮ್ಮ ಮಾತಿನ ಮೂಲ ಸಂಸ್ಕೃತದ ಶಂಬಲವೆಂದು ಬಲ್ಲವರು ಹೇಳುತ್ತಾರೆ. ಶಂಬಲವೆಂದರೆ ದಾರಿಯ ಬುತ್ತಿ. ಬುತ್ತಿಯ ಗುಣವೇನು? ಕಟ್ಟಿಕೊಟ್ಟವರ ಮನೆ ಬಿಟ್ಟ ಮೇಲೂ ಅದು ನಮ್ಮ ಜೊತೆ ಬರುತ್ತದೆ. ಹಸಿದ ಕಡೆ ಬಿಚ್ಚಿಕೊಳ್ಳಬಹುದು. ಪಾಸಿಗೆ ಈ ಗುಣವಿಲ್ಲ. ಅದನ್ನು ಮನೆಯ ಮಾಲಿಕನಿಗೆ ಬಾಡಿಗೆಯ ಬದಲು ಕೊಡುವಂತಿಲ್ಲ, ವೈದ್ಯರಿಗೆ ಕೊಡುವಂತಿಲ್ಲ. ಅದು ಮತ್ತೆ ಕೊಟ್ಟವರ ಬಾಗಿಲಿಗೇ ಕರೆದೊಯ್ಯುತ್ತದೆ. ಒಳಗೆ ಹೋದ ಮಗು ಅಲ್ಲಿ ಐಸ್‌ಕ್ರೀಮು ಕೇಳದೆ ಇರುವುದಿಲ್ಲ. 2020ರ ಮಾರ್ಚಿಯಲ್ಲಿ ಸೋಂಕಿನ ಭಯದಿಂದ ಆ ಬಾಗಿಲೇ ಮುಚ್ಚಿ, ಸೆಪ್ಟೆಂಬರಿನಲ್ಲಿ ಕಂಪೆನಿ ತನ್ನ ಅಮೆರಿಕದ ಉದ್ಯಾನಗಳ ವಿಭಾಗದಿಂದ 28,000 ಮಂದಿಯನ್ನು ಕೆಲಸದಿಂದ ತೆಗೆಯುವುದಾಗಿ ಹೇಳಿದಾಗ, ಉಳಿಸಿಟ್ಟ ಒಂದು ಡಾಲರಿಗೂ ಉಳಿಸಿಟ್ಟ ಪಾಸಿಗೂ ಇರುವ ವ್ಯತ್ಯಾಸವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಪಾಸನ್ನು ಕಿತ್ತುಹಾಕಿ ಅದರ ಬೆಲೆಯನ್ನು ಸಂಬಳಕ್ಕೆ ಸೇರಿಸಿಬಿಡಲೇ? ಆ ರಾತ್ರಿ ಸೊಸೆ ಹೇಳಿದ್ದು ಇದನ್ನೇ. ಇಲ್ಲಿ ಮಾತ್ರ ನನ್ನ ಮನಸ್ಸು ಅವಳ ಕಡೆಗೆ ಪೂರ್ತಿ ವಾಲುವುದಿಲ್ಲ. ಆ ಉದ್ಯಾನದಲ್ಲಿ ನೌಕರರನ್ನು ನೌಕರರೆನ್ನುವುದಿಲ್ಲ, ‘ಪಾತ್ರವರ್ಗ’ ಎನ್ನುತ್ತಾರೆ. ಜನ ಓಡಾಡುವ ಜಾಗ ‘ರಂಗ’, ಹಿಂಬದಿ ‘ನೇಪಥ್ಯ’, ಸಮವಸ್ತ್ರ ‘ವೇಷ’. ಹೊಗಳಿ ದುಡಿಸಿಕೊಳ್ಳುವ ಉಪಾಯವೆಂದು ನಗುವವರು ನಗಲಿ. ದಿನವೆಲ್ಲ ವೇಷ ಹಾಕಿ ನಗುತ್ತ ನಿಂತವನು ಒಂದು ದಿನ ವೇಷ ಕಳಚಿ, ತನ್ನ ತಾಯಿಯನ್ನೋ ಮಗಳನ್ನೋ ಕರೆದುಕೊಂಡು, ಮುಂಬಾಗಿಲಿನಿಂದ ಪ್ರೇಕ್ಷಕನಾಗಿ ಒಳಗೆ ಹೋಗುತ್ತಾನೆ. ತಾನು ಗುಡಿಸುವ ಬೀದಿಯಲ್ಲಿ ಅಂದು ತಾನೇ ಅತಿಥಿ. ಮನೆಯವರ ಮುಂದೆ ತಾನೇ ಯಜಮಾನ. 2024ರ ಅಕ್ಟೋಬರಿನಲ್ಲಿ ನೂಕುನುಗ್ಗಲಿನ ದಿನಗಳ ಟಿಕೆಟ್ಟು 206 ಡಾಲರಿಗೆ ಏರಿತು. ಅದೇ 206 ಡಾಲರನ್ನು ಅವನ ಕೈಗೆ ಕೊಟ್ಟಿದ್ದರೆ ಅದು ಖಂಡಿತ ಬಾಡಿಗೆಗೆ ಹೋಗುತ್ತಿತ್ತು. ಮಗಳು ಆ ತೊಟ್ಟಿಲಿನಲ್ಲಿ ಕೂರುತ್ತಿರಲಿಲ್ಲ. ಹಣವಾಗಿ ಬಂದರೆ ಬಡವನು ತನಗಾಗಿ ಎಂದೂ ಖರ್ಚು ಮಾಡಲಾರದ ಕೆಲವು ಸುಖಗಳಿವೆ. ಅವು ವಸ್ತುವಾಗಿಯೇ ಬರಬೇಕು. ನಮ್ಮ ರೈಲ್ವೆ ನೌಕರರ ಮನೆಗಳಲ್ಲಿ ಕಾಶಿ ರಾಮೇಶ್ವರ ನೋಡಿದ ಮುದುಕಿಯರು ಎಷ್ಟು ಮಂದಿ ಪಾಸಿನ ಪುಣ್ಯದಿಂದ ನೋಡಿದವರು!

ಸಿರಿವಂತನು ದಾನ ಮಾಡಲು ಶಕ್ತನಾದದ್ದೇ ಬಹುಮಟ್ಟಿಗೆ ಅನ್ಯಾಯದ ಫಲವಾಗಿರುವಾಗ, ಅವನ ಸಹಾಯಕ್ಕೆ ದಾನವೆಂಬ ಹೆಸರು ಸಲ್ಲುವುದೇ ಎಂದು ಜರ್ಮನಿಯ ಕಾಂಟ್ ಕೇಳಿದ್ದಾನೆ. ಅಷ್ಟು ಕಠಿಣವಾಗಿ ಕೇಳುವ ಯೋಗ್ಯತೆ ನನಗಿಲ್ಲ. ಪಾಸು ಒಳ್ಳೆಯದು, ಬಾವಿಯ ನೀರೂ ಒಳ್ಳೆಯದು. ಅದನ್ನು ಲೆಕ್ಕಕ್ಕೆ ಬರೆದುಕೊಳ್ಳುವ ಕೈಯ ಮೇಲೆ ನನ್ನ ಸಂಶಯ. ಈ ಸಂಶಯಕ್ಕೆ ಕಾರಣವನ್ನು ನಾನು ಆ ರಾತ್ರಿ ಮಕ್ಕಳಿಗೆ ಹೇಳಲಿಲ್ಲ. ಆ ಕೈ ಒಂದು ಕಾಲದಲ್ಲಿ ನನ್ನದೇ ಆಗಿತ್ತು.

1974ರಲ್ಲಿ ನಾನು ಒಂದು ದೊಡ್ಡ ಜವಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ದೀಪಾವಳಿಗೆ ನೌಕರರಿಗೆಲ್ಲ ರೂಪಾಯಿಗೆ ನಾಲ್ಕಾಣೆ ರಿಯಾಯಿತಿ. ಕೊಡುತ್ತಿದ್ದುದು ಬಹುಪಾಲು ಎರಡು ವರ್ಷ ಬೀರುವಿನಲ್ಲಿ ಕುಳಿತ ಮಾಲು. ಹಾಗೆ ಕೊಟ್ಟರೂ ಅಸಲಿಗೆ ಮೋಸವಿರಲಿಲ್ಲ. ನನಗೆ ಇದು ತಿಳಿದಿತ್ತು, ಏಕೆಂದರೆ ಅಸಲಿನ ಪುಸ್ತಕ ನನ್ನ ಹತ್ತಿರವೇ ಇತ್ತು. ಮಾಲು ಅಳೆದುಕೊಡುವ ಒಬ್ಬಾತ, ಹೆಂಡತಿ ಸತ್ತವನು, ಒಬ್ಬಳೇ ಮಗಳು, ತಿಂಗಳಿಗೆ ಇಪ್ಪತ್ತು ರೂಪಾಯಿ ಹೆಚ್ಚು ಮಾಡಿಕೊಡಬೇಕೆಂದು ಯಜಮಾನರನ್ನು ಕೇಳಿದ. ಯಜಮಾನರು ಕೆಟ್ಟವರಲ್ಲ, ಬೈಯಲಿಲ್ಲ. “ಇವನಿಗೆ ಇದುವರೆಗೆ ನಾವು ಏನೇನು ಕೊಟ್ಟಿದ್ದೇವೆಂದು ಒಂದು ಪಟ್ಟಿ ಮಾಡಿ ತೋರಿಸಿ ರಾಯರೆ” ಎಂದರು. ನಾನು ಆರು ದೀಪಾವಳಿಗಳ ರಿಯಾಯಿತಿಯನ್ನು ಕೂಡಿದೆ. ಅಸಲಿನ ಮೇಲಲ್ಲ, ಚೀಟಿಯ ಬೆಲೆಯ ಮೇಲೆ ಕೂಡಿದೆ. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಮೊತ್ತ ದೊಡ್ಡದಾಗಿಯೇ ಬಂತು. ದುಂಡಾದ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೆರೆ ಎಳೆದು ಅವನ ಕೈಗೆ ಕೊಟ್ಟೆ.

ಅವನು ಅದನ್ನು ಬಹಳ ಹೊತ್ತು ನೋಡಿದ. “ಇಷ್ಟಾಗಿದೆಯೇ ಸ್ವಾಮಿ? ನನಗೆ ಗೊತ್ತೇ ಇರಲಿಲ್ಲ” ಎಂದ. ವ್ಯಂಗ್ಯವಿರಲಿಲ್ಲ, ಅವನು ನಂಬಿದ್ದ. ಇಪ್ಪತ್ತು ರೂಪಾಯಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಮುಂದಿನ ದೀಪಾವಳಿಗೆ ಮಗಳ ಲಂಗಕ್ಕೆಂದು ಎರಡೂವರೆ ಗಜ ಬಟ್ಟೆ ತೆಗೆದ. ಚೀಟಿ ಬರೆದವನು ನಾನೇ: ಬೆಲೆ, ರಿಯಾಯಿತಿ, ಬಾಕಿ ಎಂದು ಮೂರು ಸಾಲು. ಅವನು ನಡುವಿನ ಸಾಲಿನ ಮೇಲೆ ಬೆರಳಿಟ್ಟು, “ಇದನ್ನೂ ಆ ಪಟ್ಟಿಗೆ ಸೇರಿಸಿಕೊಳ್ಳಿ ಸ್ವಾಮಿ” ಎಂದು ಹೇಳಿ ಹೋದ.