ನಿಷ್ಪ್ರತೀಕಾರವೆಂಬುದು ಯಾವಾಗ?

ರೋಗವು ನಿಷ್ಪ್ರತೀಕಾರವಾದಾಗ ಧರ್ಮಾರ್ಥವಾಗಿ ದೇಹವನ್ನು ತ್ಯಜಿಸುವುದು ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಿಧಿಸಿದ್ದಾರೆ. ಅವರಿಗೇ ಭಸ್ಮಕರೋಗ ಬಂದಾಗ ಗುರುಗಳು ಸಲ್ಲೇಖನಕ್ಕೆ ಸಮ್ಮತಿಸದೆ, ಮೊದಲು ರೋಗವನ್ನು ಕಳೆದುಕೊಳ್ಳುವಂತೆ ಆಜ್ಞಾಪಿಸಿದರೆಂದು ಪರಂಪರೆ ಹೇಳುತ್ತದೆ. ಆದುದರಿಂದ ಚಿಕಿತ್ಸೆಯು ವ್ರತಕ್ಕೆ ವಿರೋಧಿಯಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಶ್ರಾವಕರ ಮನೆಗೆ ಕ್ಯಾನ್ಸರ್ ಬಂದಾಗ ಎರಡು ದಾರಿಗಳು ತೋರುತ್ತವೆ: ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ, ಸಾಗರ ತಾಲ್ಲೂಕಿನ ನರಸೀಪುರದ ನಾಟಿ ಔಷಧಿ. ಕಷಾಯ ಸೇವನೆ ದೋಷವಲ್ಲ. ಅದನ್ನೇ ನಂಬಿ, ಗುಣವಾಗಬಹುದಾದ ಗೆಡ್ಡೆಯನ್ನು ಬೆಳೆಯಲು ಬಿಡುವುದು ಪ್ರಮಾದ. ಇನ್ನು ಗುಣವಾಗದೆಂದು ತಜ್ಞರು ತಿಳಿಸಿದ ಮೇಲೂ ರೋಗಿಗೆ ಮುಚ್ಚಿಟ್ಟು ಊರೂರು ಅಲೆದಾಡಿಸುವುದು ಮತ್ತೂ ದೊಡ್ಡ ಪ್ರಮಾದ. ಆಲೋಚನೆ ಮಾಡಿ, ಎಲ್ಲರಲ್ಲಿ ಕ್ಷಮೆ ಬೇಡಿ, ಸ್ವಬುದ್ಧಿಯಿಂದ ವ್ರತ ಸ್ವೀಕರಿಸಬೇಕಾದ ದಿನಗಳು ಅವನವು. ಅವನ್ನು ಕಸಿಯುವವರು ಸತ್ಯದೊಡನೆ ಅಚೌರ್ಯವನ್ನೂ ಮುರಿಯುತ್ತಾರೆ.